ಮುಟ್ಟು ಲೇಟಾಯ್ತು ಅಂದ್ರೆ ನಿಜವಾಗ್ಲೂ ಲೇಟಾಗಿದ್ದೇನು? ಋತುಚಕ್ರ, ಹಾರ್ಮೋನ್ ಅರ್ಥ ಮಾಡ್ಕೊಳ್ಳೋಕೆ ಸಮಗ್ರ ಮಾರ್ಗದರ್ಶಿ

ಡೇಟ್ ಮಿಸ್ ಆಗಿ ಹತ್ತು ದಿನ ಕಳೆದ್ರೆ ಮನಸ್ಸಲ್ಲಿ ಏನೇನು ಓಡತ್ತೆ ಅಂತ ಅನುಭವಿಸಿದವರಿಗೇ ಗೊತ್ತು. ಯಾವಾಗ್ಲೂ 29 ದಿನಕ್ಕೆ ಬರ್ತಿದ್ದ ನಂಗೆ ಒಂದ್ಸಲ 41 ದಿನ ಆಯ್ತು. ಪ್ರೆಗ್ನೆನ್ಸಿ ಟೆಸ್ಟ್ ನೆಗೆಟಿವ್, ಆದ್ರೂ ದಿನಕ್ಕೆ ನಾಲ್ಕು ಸಲ ಬಾತ್‌ರೂಮಿಗೆ ಹೋಗಿ ನೋಡೋದು, ರಾತ್ರಿ ಮೊಬೈಲ್ ಹಿಡ್ಕೊಂಡು ಹುಡುಕೋದು, ಹುಡುಕಿದಷ್ಟೂ ಗಾಬರಿ ಜಾಸ್ತಿ. ಪುಣ್ಯಕ್ಕೆ ಆ ತಿಂಗಳು ನಾನು ಒಂದು ನೋಟ್‌ಬುಕ್ಕಲ್ಲಿ ದಿನಾ ಬೆಳಗ್ಗೆ ಟೆಂಪರೇಚರ್ ಬರೆದಿಡ್ತಿದ್ದೆ. ಆಮೇಲೆ ಕೂತು ನೋಡಿದ್ರೆ, ಮುಟ್ಟು ಒಂದು ದಿನಾನೂ ಲೇಟಾಗಿರ್ಲಿಲ್ಲ. ಲೇಟಾಗಿದ್ದು ಅಂಡ ಬಿಡುಗಡೆ. ಈ ಒಂದು ವಿಷಯ ತಲೆಗೆ ಹೋದ್ಮೇಲೆ ಹಾರ್ಮೋನ್ ಬಗ್ಗೆ ಅಲ್ಲಿಯವರೆಗೂ ಓದಿದ್ದೆಲ್ಲ ತಾನಾಗೇ ಜೋಡಿಸ್ಕೊಳ್ತು, ಅದಕ್ಕೇ ಅದನ್ನೇ ಎಳೆಯಾಗಿ ಇಟ್ಕೊಂಡು ಹಂತ ಹಂತವಾಗಿ ಬರೀತೀನಿ.

ಹಂತ 1: ಮೊದಲ ದಿನ ಯಾವುದು ಅಂತ ಸರಿಯಾಗಿ ಗುರುತು ಹಾಕಿ

ಇದು ಚಿಕ್ಕ ವಿಷಯ ಅನ್ಸತ್ತೆ, ಆದ್ರೆ ಮುಂದಿನ ಲೆಕ್ಕ ಎಲ್ಲಾ ಇದ್ರ ಮೇಲೇ ನಿಂತಿರೋದು. ಸರಿಯಾಗಿ ಕೆಂಪಾಗಿ, ಪ್ಯಾಡ್ ಅಥವಾ ಕಪ್ ಬೇಕೇ ಬೇಕು ಅನ್ನೋವಷ್ಟು ಬ್ಲೀಡಿಂಗ್ ಶುರುವಾದ ದಿನಾನೇ ದಿನ 1. ಅದಕ್ಕೂ ಮುಂಚೆ ಒಂದೆರಡು ದಿನ ಕಂದು ಬಣ್ಣದ ಕಲೆ ಕಾಣಿಸ್ಕೊಂಡ್ರೆ ಅದು ಸ್ಪಾಟಿಂಗ್, ಅದನ್ನ ಹಿಂದಿನ ಚಕ್ರದ ಬಾಲ ಅಂತ ಬರ್ಕೊಳ್ಳಿ. ಒಂದು ಚಕ್ರದ ದಿನ 1ರಿಂದ ಮುಂದಿನ ಚಕ್ರದ ದಿನ 1ರ ಹಿಂದಿನ ದಿನದವರೆಗೆ ಎಣಿಸಿದ್ರೆ ಅದೇ ನಿಮ್ಮ ಚಕ್ರದ ಉದ್ದ. ತುಂಬಾ ಜನ ಮುಟ್ಟು ನಿಂತ ದಿನದಿಂದ ಎಣಿಸ್ತಾರೆ, ಹಾಗೆ ಮಾಡಿದ್ರೆ ನಾಲ್ಕೈದು ದಿನ ತಪ್ಪೋಗತ್ತೆ.

28 ದಿನ ಅನ್ನೋದು ಬರೀ ಪುಸ್ತಕದ ನಂಬರ್. ದೊಡ್ಡವರಲ್ಲಿ 24ರಿಂದ 38 ದಿನದೊಳಗೆ ಬಂದ್ರೆ ಸಹಜ, ಒಂದು ಚಕ್ರಕ್ಕೂ ಇನ್ನೊಂದಕ್ಕೂ ಒಂದು ವಾರದಷ್ಟು ಹೆಚ್ಚುಕಮ್ಮಿ ಆದ್ರೂ ತಲೆ ಕೆಡಿಸ್ಕೋಬೇಕಾಗಿಲ್ಲ, ಬ್ಲೀಡಿಂಗ್ 8 ದಿನದೊಳಗೆ ನಿಲ್ಬೇಕು. ಹೊಸದಾಗಿ ಮೈನೆರೆದ ಹುಡುಗೀರಲ್ಲಿ ಮೊದಲ ಎರಡ್ಮೂರು ವರ್ಷ 21ರಿಂದ 45 ದಿನದ ಮಧ್ಯೆ ಓಲಾಡ್ತಿರತ್ತೆ, ಯಾಕಂದ್ರೆ ಮೆದುಳು ಮತ್ತೆ ಓವರಿ (ಅಂಡಾಶಯ) ಇನ್ನೂ ಒಬ್ಬರ ಮಾತು ಒಬ್ಬರು ಕಲೀತಿರೋ ಸಮಯ ಅದು. ಮೂರು ಚಕ್ರ ಬರೆದಿಟ್ರೆ ನಿಮ್ಮ ಸಹಜ ಯಾವುದು ಅಂತ ಒಂದು ಅಂದಾಜು ಸಿಗತ್ತೆ, ಆರು ಬರೆದಿಟ್ರೆ ಇನ್ನೂ ಒಳ್ಳೇದು.

ಹಂತ 2: ಯಾವ ಹಾರ್ಮೋನ್ ಯಾರಿಗೆ ಏನು ಹೇಳತ್ತೆ ಅಂತ ತಿಳ್ಕೊಳ್ಳಿ

ಹಾರ್ಮೋನ್ ಅಂದ್ರೆ ರಕ್ತದಲ್ಲಿ ಓಡಾಡೋ ಸಂದೇಶ, ಅಷ್ಟೇ. ಇಡೀ ಚಕ್ರ ಶುರುವಾಗೋದು ಗರ್ಭಕೋಶದಲ್ಲಿ ಅಲ್ಲ, ಮೆದುಳಲ್ಲಿ. ಮೆದುಳಿನ ತಳದಲ್ಲಿರೋ ಹೈಪೋಥಲಾಮಸ್ ಅನ್ನೋ ಭಾಗ ಜಿಎನ್‌ಆರ್‌ಎಚ್ ಅನ್ನೋ ಹಾರ್ಮೋನನ್ನ ನಿಂತು ನಿಂತು, ತಾಳ ಹಾಕ್ದಂಗೆ ಬಿಡ್ತಾ ಇರತ್ತೆ. ಆ ತಾಳ ಎಷ್ಟು ವೇಗ ಇದೆ ಅನ್ನೋದ್ರ ಮೇಲೆ ಅದ್ರ ಕೆಳಗಿರೋ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್, ಎಲ್‌ಎಚ್ ಅನ್ನೋ ಎರಡು ಹಾರ್ಮೋನ್‌ಗಳನ್ನ ಓವರಿಗೆ ಕಳಿಸತ್ತೆ.

ಓವರಿ ಒಳಗೆ ಪುಟ್ಟ ಪುಟ್ಟ ಚೀಲಗಳಿರತ್ವೆ, ಫಾಲಿಕಲ್ ಅಂತಾರೆ, ಒಂದೊಂದ್ರಲ್ಲಿ ಒಂದೊಂದು ಅಂಡ. ಹೆಣ್ಣು ಮಗು ಹುಟ್ಟುವಾಗ್ಲೇ ಸುಮಾರು 10ರಿಂದ 20 ಲಕ್ಷ ಅಂಡ ಇಟ್ಕೊಂಡೇ ಹುಟ್ಟೋದು, ಮೈನೆರೆಯೋ ಹೊತ್ತಿಗೆ 3ರಿಂದ 4 ಲಕ್ಷಕ್ಕೆ ಇಳಿದಿರತ್ತೆ, ಜೀವಮಾನದಲ್ಲಿ ನಿಜವಾಗಿ ಹೊರಗೆ ಬರೋದು 400ರಿಂದ 500 ಮಾತ್ರ. ಪ್ರತಿ ಚಕ್ರದಲ್ಲೂ ಎಫ್‌ಎಸ್‌ಎಚ್ ಬಂದು ಕೆಲವು ಫಾಲಿಕಲ್‌ಗಳನ್ನ ಎಬ್ಬಿಸತ್ತೆ, ಅದ್ರಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಮುಂದೆ ಹೋಗತ್ತೆ, ಉಳಿದಿದ್ದು ಅಲ್ಲೇ ಕರಗೋಗತ್ತೆ. ಮುಂದೆ ಹೋದದ್ದು ಬೆಳೀತಾ ಬೆಳೀತಾ ಈಸ್ಟ್ರೋಜನ್ ಬಿಡತ್ತೆ, ಆ ಈಸ್ಟ್ರೋಜನ್ ಗರ್ಭಕೋಶದ ಒಳಪದರನ ದಪ್ಪ ಮಾಡತ್ತೆ, ತುಂಬಾ ಜನಕ್ಕೆ ಈ ಹೊತ್ತಲ್ಲಿ ಮೈಮನಸ್ಸು ಹಗುರ ಅನ್ಸತ್ತೆ.

ಮೊದಮೊದಲು ಈಸ್ಟ್ರೋಜನ್ ಮೆದುಳಿಗೆ "ಸಾಕು, ಇನ್ನು ಕಳಿಸ್ಬೇಡ" ಅಂತಾನೇ ಹೇಳ್ತಿರತ್ತೆ. ಆದ್ರೆ ಅದ್ರ ಮಟ್ಟ ತುಂಬಾ ಮೇಲೇರಿ ಸುಮಾರು ಎರಡು ದಿನ ಹಾಗೇ ನಿಂತ್ಕೊಂಡ್ರೆ ಮಾತು ತಿರುಗ್ಬಿಡತ್ತೆ, "ಸಾಕು" ಅನ್ನೋ ಸಂದೇಶ "ಈಗ್ಲೇ ಕಳ್ಸು" ಅಂತ ಆಗತ್ತೆ. ಪಿಟ್ಯುಟರಿ ಒಂದೇ ಸಲಕ್ಕೆ ಎಲ್‌ಎಚ್ ಸುರಿಯತ್ತೆ, ಅದು ಏರೋಕೆ ಶುರುವಾದ ಸುಮಾರು 36 ಗಂಟೆಗೆ ಫಾಲಿಕಲ್ ಒಡೆದು ಅಂಡ ಹೊರಗೆ ಬರತ್ತೆ. ಇದೇ ಓವ್ಯುಲೇಷನ್. ನಂಗೆ ಇಡೀ ಚಕ್ರದಲ್ಲಿ ತುಂಬಾ ಇಷ್ಟ ಆಗೋ ಜಾಗ ಇದು. ಅಂಡ ರೆಡಿ ಇದೆ ಅನ್ನೋದನ್ನ ಓವರಿನೇ ಮೆದುಳಿಗೆ ತಿಳ್ಸೋದು, ಮೆದುಳು ಕ್ಯಾಲೆಂಡರ್ ನೋಡ್ಕೊಂಡು ಆರ್ಡರ್ ಮಾಡೋದಲ್ಲ.

ಒಡೆದ ಫಾಲಿಕಲ್ ವೇಸ್ಟ್ ಆಗಲ್ಲ. ಅದು ಹಳದಿ ಬಣ್ಣದ ಒಂದು ತಾತ್ಕಾಲಿಕ ಗ್ರಂಥಿ ಆಗಿ ಬದಲಾಗತ್ತೆ, ಕಾರ್ಪಸ್ ಲೂಟಿಯಮ್ ಅಂತ ಹೆಸರು, ಅದು ಪ್ರೊಜೆಸ್ಟರೋನ್ ಮಾಡತ್ತೆ. ಪ್ರೊಜೆಸ್ಟರೋನ್ ಬಂದ್ಮೇಲೆ ಒಳಪದರ ದಪ್ಪ ಆಗೋದು ನಿಂತು ಮೆತ್ತಗಾಗಿ ಗರ್ಭಕ್ಕೆ ತಯಾರಾಗತ್ತೆ, ಮೈ ಸ್ವಲ್ಪ ಬಿಸಿ ಆಗತ್ತೆ, ಮಲಬದ್ಧತೆ, ಸ್ತನ ಭಾರ, ನಿದ್ದೆ ಬಂದಂಗೆ ಅನ್ಸೋದು ಇವೆಲ್ಲ ಆಗ್ಬೋದು. ಗರ್ಭ ನಿಲ್ಲಲಿಲ್ಲ ಅಂದ್ರೆ ಎರಡು ವಾರದೊಳಗೆ ಈ ಗ್ರಂಥಿ ತಾನಾಗೇ ಬತ್ತೋಗತ್ತೆ, ಪ್ರೊಜೆಸ್ಟರೋನ್ ಧಡ್ ಅಂತ ಇಳಿಯತ್ತೆ, ಆಧಾರ ಹೋದ ಒಳಪದರ ಕಳಚ್ಕೊಳ್ಳತ್ತೆ, ಅದೇ ಮುಟ್ಟು.

ಹಂತ 3: ಲೆಕ್ಕನ ಹಿಂದಿನಿಂದ ಹಾಕೋಕೆ ಕಲೀರಿ

ಮುಟ್ಟಿನಿಂದ ಓವ್ಯುಲೇಷನ್‌ವರೆಗಿನ ಮೊದಲ ಅರ್ಧ ರಬ್ಬರ್ ಇದ್ದಂಗೆ, 10 ದಿನಾನೂ ಆಗ್ಬೋದು 30 ದಿನಾನೂ ಆಗ್ಬೋದು. ಓವ್ಯುಲೇಷನ್‌ನಿಂದ ಮುಂದಿನ ಮುಟ್ಟಿನವರೆಗಿನ ಎರಡನೇ ಅರ್ಧ ಅಷ್ಟು ಎಳೆಯಲ್ಲ, ಹೆಚ್ಚಿನವರಲ್ಲಿ 12ರಿಂದ 14 ದಿನ, ಅತ್ತಿತ್ತ ಅಂದ್ರೆ 10ರಿಂದ 16, ಮತ್ತೆ ಒಬ್ಬರಲ್ಲೇ ನೋಡಿದ್ರೆ ಪ್ರತಿ ತಿಂಗಳೂ ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ಇದನ್ನ 1920ರ ದಶಕದಲ್ಲೇ ಜಪಾನಿನ ಒಗಿನೋ, ಆಸ್ಟ್ರಿಯಾದ ಕ್ನಾಸ್ ಅನ್ನೋ ಇಬ್ಬರು ಡಾಕ್ಟರುಗಳು ಬೇರೆ ಬೇರೆಯಾಗಿ ಕಂಡ್ಕೊಂಡ್ರು, ಅಂಡ ಬಿಡುಗಡೆನ ಹಿಂದಿನ ಮುಟ್ಟಿಂದ ಅಲ್ಲ, ಮುಂದಿನ ಮುಟ್ಟಿಂದ ಹಿಂದಕ್ಕೆ ಎಣಿಸ್ಬೇಕು ಅಂತ. ನೂರು ವರ್ಷ ಆದ್ರೂ ನಾವಿನ್ನೂ "14ನೇ ದಿನ ಓವ್ಯುಲೇಷನ್" ಅಂತಾನೇ ಹೇಳ್ಕೊಂಡು ಓಡಾಡ್ತಿದೀವಿ.

ನನ್ನ ನೋಟ್‌ಬುಕ್ಕಿನ ಲೆಕ್ಕ ನೋಡಿ. ಸಾಮಾನ್ಯ ತಿಂಗಳಲ್ಲಿ 16ನೇ ದಿನ ಅಂಡ ಬಿಡುಗಡೆ, ಆಮೇಲೆ 13 ದಿನ, ಒಟ್ಟು 29. ಆ ಕೆಟ್ಟ ತಿಂಗಳಲ್ಲಿ 10ನೇ ದಿನದ ಹೊತ್ತಿಗೆ ನಂಗೆ ನಾಲ್ಕು ದಿನ ಜೋರು ಜ್ವರ ಬಂದಿತ್ತು, ಅಂಡ ಬಿಡುಗಡೆ ಆಗಿದ್ದು 28ನೇ ದಿನ, ಆಮೇಲೆ ಸರಿಯಾಗಿ 13 ದಿನ, ಒಟ್ಟು 41. ಅಂದ್ರೆ ನಾನು "ಇವತ್ತು ಬರ್ಬೇಕಿತ್ತು, ಬಂದಿಲ್ಲ" ಅಂತ ಗಾಬರಿ ಬಿದ್ದ ದಿನ ನನ್ನ ದೇಹ ಅಂಡ ಬಿಟ್ಟು ಒಂದೆರಡು ದಿನ ಆಗಿತ್ತಷ್ಟೇ!! ಜ್ವರ, ಪ್ರಯಾಣ, ನಿದ್ದೆಗೆಡೋದು, ಮನಸ್ಸಿಗೆ ದೊಡ್ಡ ಪೆಟ್ಟು, ಊಟ ಕಮ್ಮಿ ಆಗೋದು ಇವೆಲ್ಲ ಮೆದುಳಿನ ಆ ತಾಳನ ನಿಧಾನ ಮಾಡ್ತವೆ, ಅಂಡ ಬಿಡುಗಡೆ ಮುಂದಕ್ಕೆ ಹೋಗತ್ತೆ. ಅಂಡ ಬಿಡುಗಡೆ ಆದ್ಮೇಲೆ ಬಂದ ಟೆನ್ಷನ್ ಮುಟ್ಟನ್ನ ಹೆಚ್ಚು ದಿನ ಮುಂದೂಡಲ್ಲ. ಹಾಗಾಗಿ ಲೇಟಾದಾಗ "ಈ ವಾರ ಏನಾಯ್ತು" ಅಂತ ಹುಡುಕ್ಬೇಡಿ, ಮೂರ್ನಾಲ್ಕು ವಾರ ಹಿಂದೆ ಏನಾಗಿತ್ತು ಅಂತ ನೆನಪು ಮಾಡ್ಕೊಳ್ಳಿ.

ಹಂತ 4: ನಿಮ್ಮ ಓವ್ಯುಲೇಷನ್ ನೀವೇ ಗುರುತಿಸಿ

ಮೂರು ದಾರಿ ಇದೆ, ಜೊತೆಜೊತೆಗೆ ನೋಡಿದ್ರೆ ಚೆನ್ನಾಗಿ ಗೊತ್ತಾಗತ್ತೆ.

ಮೊದಲನೇದು ಬಿಳಿ ಹೋಗೋದನ್ನ ಗಮನಿಸೋದು. ಬಿಳಿ ಹೋಗೋದು ಅಂದ ತಕ್ಷಣ ಅದು ಕಾಯಿಲೆ, ನಿಶ್ಶಕ್ತಿ ಅಂತ ಹೆದರಿಸ್ತಾರೆ, ದಯವಿಟ್ಟು ಆ ಮಾತು ಬಿಟ್ಬಿಡಿ, ಮುಕ್ಕಾಲು ಪಾಲು ಅದು ಗರ್ಭಕೋಶದ ಕೊರಳು ಹಾರ್ಮೋನಿಗೆ ತಕ್ಕಂಗೆ ಮಾಡೋ ಲೋಳೆ. ಮುಟ್ಟು ನಿಂತ್ಮೇಲೆ ಕೆಲವು ದಿನ ಒಣಗಿರತ್ತೆ, ಆಮೇಲೆ ಅಂಟಂಟು, ಆಮೇಲೆ ಕೆನೆ ಥರ, ಈಸ್ಟ್ರೋಜನ್ ಮೇಲೇರಿದಾಗ ಮೊಟ್ಟೆಯ ಬಿಳಿ ಲೋಳೆ ಥರ ತೆಳ್ಳಗೆ, ಎರಡು ಬೆರಳ ಮಧ್ಯೆ ಹಿಡಿದು ಎಳೆದ್ರೆ ದಾರದಂಗೆ ಎಳೆಯತ್ತೆ. ಆ ಜಾರೋ ಲೋಳೆ ಕಂಡ ಕೊನೇ ದಿನದ ಆಸುಪಾಸಲ್ಲಿ ಓವ್ಯುಲೇಷನ್ ಇರತ್ತೆ. ಮಾರನೇ ದಿನದಿಂದ ಪ್ರೊಜೆಸ್ಟರೋನ್ ಬಂದು ಮತ್ತೆ ದಪ್ಪ, ಇಲ್ಲಾಂದ್ರೆ ಒಣ. ವಾಸನೆ ಬಂದ್ರೆ, ತುರಿಕೆ ಇದ್ರೆ, ಹಸಿರು ಅಥವಾ ಮೊಸರು ಒಡೆದಂಗೆ ಇದ್ರೆ ಅದು ಬೇರೆ ಮಾತು, ಇನ್ಫೆಕ್ಷನ್ ಇರ್ಬೋದು, ತೋರಿಸ್ಕೊಳ್ಳಿ.

ಎರಡನೇದು ಬೆಳಗಿನ ಟೆಂಪರೇಚರ್. ಎರಡು ದಶಾಂಶ ತೋರಿಸೋ ಥರ್ಮಾಮೀಟರ್ ಆದ್ರೆ ಒಳ್ಳೇದು, ಕಣ್ಣು ಬಿಟ್ಟ ತಕ್ಷಣ, ಹಾಸಿಗೆಯಿಂದ ಏಳೋ ಮುಂಚೆ, ಮಾತೂ ಆಡ್ದೆ, ನೀರೂ ಕುಡೀದೆ ನಾಲಿಗೆ ಕೆಳಗೆ ಇಟ್ಕೋಬೇಕು, ಅದಕ್ಕೂ ಮುಂಚೆ ಕಮ್ಮಿ ಅಂದ್ರೂ ಮೂರ್ನಾಲ್ಕು ಗಂಟೆ ನಿದ್ದೆ ಆಗಿರ್ಬೇಕು. ಒಂದು ದಿನದ ನಂಬರಿಗೆ ಅರ್ಥ ಇಲ್ಲ, ಸಾಲಾಗಿ ನೋಡ್ಬೇಕು. ನನ್ನ ಒಂದು ತಿಂಗಳ ಸಾಲು, ಸೆಲ್ಸಿಯಸ್ ಲೆಕ್ಕದಲ್ಲಿ, ಹೀಗಿತ್ತು: 36.3, 36.4, 36.2, 36.4, 36.3, 36.4, ಆಮೇಲೆ 36.6, 36.7, 36.7. ಮೊದಲ ಆರರಲ್ಲಿ ಅತಿ ಹೆಚ್ಚು 36.4, ಆಮೇಲಿನ ಮೂರೂ ಅದಕ್ಕಿಂತ ಮೇಲೆ, ಮೂರನೇದು ಕನಿಷ್ಠ 0.2 ಡಿಗ್ರಿ ಮೇಲೆ. ಹೀಗೆ ಮೂರು ದಿನ ಮೇಲೇ ನಿಂತ್ರೆ ಅಂಡ ಬಿಡುಗಡೆ ಆಗೋಗಿದೆ ಅಂತ ಲೆಕ್ಕ. ಮುಟ್ಟು ಬರೋ ಹೊತ್ತಿಗೆ ಮತ್ತೆ ಇಳಿಯತ್ತೆ, ಹಾಗಾಗಿ ಬೆಳಗ್ಗೆ ಥರ್ಮಾಮೀಟರ್ ಇಳಿದಿದ್ದು ನೋಡಿ ಇವತ್ತೋ ನಾಳೆಯೋ ಬರತ್ತೆ ಅಂತ ಬ್ಯಾಗಲ್ಲಿ ಪ್ಯಾಡ್ ಹಾಕ್ಕೊಂಡು ಹೋಗೋದು ನಂಗೀಗ ಅಭ್ಯಾಸ ಆಗಿದೆ. ಇಳೀದೆ 18 ದಿನಕ್ಕಿಂತ ಹೆಚ್ಚು ಮೇಲೇ ಇದ್ರೆ ಪ್ರೆಗ್ನೆನ್ಸಿ ಟೆಸ್ಟ್ ಮಾಡ್ಕೊಳ್ಳಿ. ಟೆಂಪರೇಚರ್ ಆಗಿದ್ದನ್ನ ಹೇಳತ್ತೆ, ಆಗೋದನ್ನ ಹೇಳಲ್ಲ, ಇದು ನೆನಪಿರ್ಲಿ.

ಮೂರನೇದು ಮೂತ್ರದಲ್ಲಿ ಎಲ್‌ಎಚ್ ನೋಡೋ ಸ್ಟ್ರಿಪ್. ಪಾಸಿಟಿವ್ ಬಂದ್ರೆ ಸಾಮಾನ್ಯವಾಗಿ ಮುಂದಿನ ಒಂದೆರಡು ದಿನದಲ್ಲಿ ಅಂಡ ಬಿಡುಗಡೆ. ಆದ್ರೆ ಪಿಸಿಓಎಸ್ (ನಾವು ಪಿಸಿಓಡಿ ಅನ್ನೋದು, ಹಂತ 7ರಲ್ಲಿ ಬರತ್ತೆ) ಇದ್ದವರಲ್ಲಿ ಎಲ್‌ಎಚ್ ಯಾವಾಗ್ಲೂ ಸ್ವಲ್ಪ ಮೇಲೇ ಇರೋದ್ರಿಂದ ಸುಮ್ ಸುಮ್ನೆ ಪಾಸಿಟಿವ್ ತೋರಿಸ್ಬೋದು.

ಅಂಡ ಬದುಕೋದು 12ರಿಂದ 24 ಗಂಟೆ, ವೀರ್ಯಾಣು ಒಳ್ಳೆ ಲೋಳೆ ಇದ್ರೆ 5 ದಿನದವರೆಗೂ, ಅದಕ್ಕೇ ಗರ್ಭ ನಿಲ್ಲೋ ಸಾಧ್ಯತೆ ಇರೋದು ಓವ್ಯುಲೇಷನ್ ದಿನ ಮತ್ತೆ ಅದಕ್ಕೂ ಮುಂಚಿನ 5 ದಿನ, ಒಟ್ಟು 6 ದಿನ. ಮಗು ಬೇಕು ಅಂತಿರೋರಿಗೆ ಇದು ತುಂಬಾ ಉಪಯೋಗ. ಮಗು ಬೇಡ ಅನ್ನೋರು ಮಾತ್ರ ಬರೀ ಆ್ಯಪ್ ತೋರಿಸೋ ಬಣ್ಣ ನಂಬ್ಕೊಂಡು ಕೂರ್ಬೇಡಿ. ಎಷ್ಟೋ ಆ್ಯಪ್‌ಗಳು ಹಿಂದಿನ ಚಕ್ರಗಳ ಸರಾಸರಿ ಹಿಡಿದು ಊಹೆ ಮಾಡ್ತವೆ ಅಷ್ಟೇ, ನನ್ನ 28ನೇ ದಿನದಂಥ ತಿಂಗಳಲ್ಲಿ ಅಂಥ ಆ್ಯಪ್ "ಸೇಫ್" ಅಂತಾನೇ ತೋರಿಸ್ತಿತ್ತು.

ಗರ್ಭನಿರೋಧಕ ಮಾತ್ರೆ ತಗೊಳ್ತಿರೋರಿಗೆ ಈ ಹಂತ ಅನ್ವಯ ಆಗಲ್ಲ. ಎರಡು ಹಾರ್ಮೋನಿರೋ ಮಾತ್ರೆ ಓವ್ಯುಲೇಷನ್ನೇ ತಡೆಯತ್ತೆ, ಮಾತ್ರೆ ನಿಲ್ಸಿದ ವಾರದಲ್ಲಿ ಬರೋ ಬ್ಲೀಡಿಂಗ್ ಹಾರ್ಮೋನ್ ನಿಂತಿದ್ದಕ್ಕೆ ಬರೋದೇ ಹೊರತು ನಿಮ್ಮ ಓವರಿಯ ಚಕ್ರ ಅಲ್ಲ. ಅದು ಕೆಟ್ಟದ್ದು ಅಂತಲ್ಲ, ಆದ್ರೆ "ಮಾತ್ರೆ ತಗೊಂಡ್ಮೇಲೆ ನನ್ ಪೀರಿಯಡ್ಸ್ ರೆಗ್ಯುಲರ್ ಆಯ್ತು, ಹಾರ್ಮೋನ್ ಸರಿಹೋಯ್ತು" ಅನ್ನೋ ತೀರ್ಮಾನಕ್ಕೆ ಬರ್ಬೇಡಿ.

ಹಂತ 5: ಎಷ್ಟು ಹೋಗತ್ತೆ, ಎಷ್ಟು ನೋಯತ್ತೆ ಅಂತ ಅಳೀರಿ

ಒಂದು ಮುಟ್ಟಲ್ಲಿ ಸರಾಸರಿ ಹೋಗೋ ರಕ್ತ 30ರಿಂದ 40 ಎಮ್‌ಎಲ್, ನೋಡೋಕೆ ಜಾಸ್ತಿ ಅನ್ಸತ್ತೆ ಯಾಕಂದ್ರೆ ಅದ್ರ ಜೊತೆ ಒಳಪದರ, ಲೋಳೆ ಎಲ್ಲಾ ಇರತ್ತೆ. 80 ಎಮ್‌ಎಲ್ ದಾಟಿದ್ರೆ ಹೆವಿ ಬ್ಲೀಡಿಂಗ್. ಕಪ್ ಬಳಸೋರಿಗೆ ಅಳೆಯೋದು ಸುಲಭ, ಪ್ಯಾಡ್ ಬಳಸೋರು ಹೀಗೆ ನೋಡ್ಕೊಳ್ಳಿ: ಗಂಟೆಗೊಂದು ಪ್ಯಾಡ್ ತೋಯ್ದು ಹೋಗ್ತಿದ್ರೆ, ರಾತ್ರಿ ಎದ್ದು ಬದಲಾಯಿಸ್ಬೇಕಾದ್ರೆ, ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆ ಬೀಳ್ತಿದ್ರೆ, 8 ದಿನ ಆದ್ರೂ ನಿಲ್ದೆ ಇದ್ರೆ ಅದು ಹೆವಿನೇ. "ನಮ್ಮ ಮನೇಲಿ ಎಲ್ಲರಿಗೂ ಹೀಗೇನೇ" ಅಂತ ಬಿಡ್ಬೇಡಿ. ಫೈಬ್ರಾಯ್ಡ್, ಪಾಲಿಪ್, ಥೈರಾಯ್ಡ್, ರಕ್ತ ಸರಿಯಾಗಿ ಹೆಪ್ಪುಗಟ್ಟದ ತೊಂದರೆ, ತಾಮ್ರದ ಐಯುಡಿ (ಕಾಪರ್ ಟಿ), ಎಷ್ಟೋ ಕಾರಣ ಇರತ್ತೆ, ಮೈನೆರೆದ ಮೊದಲ ಸಲದಿಂದ್ಲೇ ಹೆವಿ ಇರೋ ಹುಡುಗೀರಲ್ಲಂತೂ ರಕ್ತ ಸರಿಯಾಗಿ ಹೆಪ್ಪುಗಟ್ಟದ ತೊಂದರೆ ಇದೆಯಾ ಅಂತ ನೋಡ್ಲೇಬೇಕು. ಮೆಟ್ಟಿಲು ಹತ್ತಿದ್ರೆ ಏದುಸಿರು, ಕೂದಲು ಉದುರೋದು, ಸದಾ ಸುಸ್ತು ಇದ್ರೆ ಬರೀ ಹಿಮೋಗ್ಲೋಬಿನ್ ಅಲ್ಲ, ಫೆರಿಟಿನ್ ಕೂಡ ಮಾಡಿಸಿ. ಹಿಮೋಗ್ಲೋಬಿನ್ 12ರ ಮೇಲಿದ್ರೂ ಒಳಗೆ ಕೂಡಿಟ್ಟ ಕಬ್ಬಿಣ ಖಾಲಿ ಆಗಿರ್ಬೋದು, ಫೆರಿಟಿನ್ 30ರ ಕೆಳಗಿದ್ರೆ ಕಬ್ಬಿಣ ಕಮ್ಮಿ ಆಗಿದೆ ಅಂತ ಅನುಮಾನ ಪಡ್ಬೇಕು. ಕಬ್ಬಿಣದ ಮಾತ್ರೆನ ಕಾಫಿ, ಟೀ ಜೊತೆ ತಗೋಬೇಡಿ, ಮೈಗೆ ಸರಿಯಾಗಿ ಹತ್ತಲ್ಲ.

ನೋವಿನ ವಿಷಯಕ್ಕೆ ಬರೋಣ. ಪ್ರೊಜೆಸ್ಟರೋನ್ ಇಳಿದಾಗ ಒಳಪದರದಲ್ಲಿ ಪ್ರೋಸ್ಟಗ್ಲ್ಯಾಂಡಿನ್ ಅನ್ನೋ ರಾಸಾಯನಿಕ ತಯಾರಾಗತ್ತೆ, ಅದು ಗರ್ಭಕೋಶನ ಹಿಂಡತ್ತೆ, ಪಕ್ಕದ ಕರುಳಿಗೂ ತಾಕತ್ತೆ, ಮೊದಲ ದಿನ ಲೂಸ್ ಮೋಷನ್ ಆಗೋದು ಅದಕ್ಕೇನೇ. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಥರದ ಮಾತ್ರೆಗಳು ಈ ರಾಸಾಯನಿಕ ತಯಾರಾಗೋದನ್ನೇ ತಡೆಯೋದು, ಹಾಗಾಗಿ ನೋವು ಹತ್ತಕ್ಕೆ ಹತ್ತು ಆದ್ಮೇಲೆ ನುಂಗಿದ್ರೆ ಅಷ್ಟಾಗಿ ಕೆಲಸ ಮಾಡಲ್ಲ, ಶುರುವಾಗ್ತಿದ್ದಂಗೇ ಏನಾದ್ರೂ ತಿಂದು ತಗೋಬೇಕು. ತಡ್ಕೊಂಡು ತಡ್ಕೊಂಡು ಕೊನೆಗೆ ತಗೊಂಡು "ನಂಗೆ ಮಾತ್ರೆ ಹಿಡಿಯಲ್ಲ" ಅಂತ ಹೇಳೋ ಎಷ್ಟು ಜನ ಇದಾರೋ. ಅಲ್ಸರ್, ಕಿಡ್ನಿ ತೊಂದರೆ, ಈ ಮಾತ್ರೆಗಳಿಂದ ಹೆಚ್ಚಾಗೋ ಆಸ್ತಮಾ ಇರೋರು, ಗರ್ಭ ನಿಂತಿರೋ ಅನುಮಾನ ಇರೋರು ಮಾತ್ರ ಡಾಕ್ಟರನ್ನ ಕೇಳ್ದೆ ತಗೋಬೇಡಿ. ಬಿಸಿನೀರಿನ ಬ್ಯಾಗ್ ಕೂಡ ನಿಜವಾಗ್ಲೂ ಕೆಲಸ ಮಾಡತ್ತೆ.

ಮಾತ್ರೆ ತಗೊಂಡ್ರೂ ಸ್ಕೂಲಿಗೆ, ಕೆಲಸಕ್ಕೆ ಹೋಗೋಕಾಗದಷ್ಟು ನೋವಿದ್ರೆ, ವರ್ಷ ವರ್ಷ ಜಾಸ್ತಿ ಆಗ್ತಿದ್ರೆ, ಮಲ ವಿಸರ್ಜನೆ ಮಾಡುವಾಗ ಅಥವಾ ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋವಾದ್ರೆ ಅದು ಎಂಡೊಮೆಟ್ರಿಯೋಸಿಸ್ ಇರ್ಬೋದು, ಅಂದ್ರೆ ಗರ್ಭಕೋಶದ ಒಳಪದರದಂಥದ್ದೇ ಗರ್ಭಕೋಶದ ಹೊರಗೂ ಬೆಳೆಯೋದು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಸಂತಾನೋತ್ಪತ್ತಿ ವಯಸ್ಸಿನ ಹೆಂಗಸರಲ್ಲಿ ಸುಮಾರು 10% ಜನಕ್ಕೆ ಇದು ಇದೆ, ಸ್ಕ್ಯಾನಲ್ಲಿ ಕಾಣದೇನೂ ಇರ್ಬೋದು. ಸ್ಕ್ಯಾನ್ ನಾರ್ಮಲ್ ಅಂದ್ರೆ ನೋವು ಸುಳ್ಳು ಅಂತ ಅಲ್ಲ!!

ಹಂತ 6: ಮನಸ್ಸಿನ ಏರಿಳಿತಾನೂ ಬರೀರಿ

ಮುಟ್ಟಿಗೆ ಮುಂಚಿನ ವಾರ ಸಿಡುಕು, ಅಳು, ಹೊಟ್ಟೆ ಉಬ್ಬರ ಆಗೋರಿಗೆ ಹಾರ್ಮೋನ್ ಹೆಚ್ಚಿದೆ ಅಂತಾಗ್ಲಿ ಕಮ್ಮಿ ಇದೆ ಅಂತಾಗ್ಲಿ ಅಲ್ಲ, ಎಲ್ಲರಿಗೂ ಆಗೋ ಏರಿಳಿತಕ್ಕೇ ಅವರ ಮೆದುಳು ಹೆಚ್ಚು ಸೂಕ್ಷ್ಮ. ಎರಡು ಚಕ್ರ ದಿನಾ ರಾತ್ರಿ ಒಂದೇ ಸಾಲು ಬರೀರಿ, ಸಿಟ್ಟು 0ರಿಂದ 5, ದುಃಖ 0ರಿಂದ 5, ನಿದ್ದೆ ಎಷ್ಟು. ಓವ್ಯುಲೇಷನ್ ಆದ್ಮೇಲೆ ಏರಿ, ಮುಟ್ಟು ಬಂದ ಒಂದೆರಡು ದಿನದಲ್ಲಿ ಇಳಿದ್ರೆ ಅದು ಚಕ್ರದ್ದು. ಇಡೀ ತಿಂಗಳು ಒಂದೇ ಥರ ಇದ್ರೆ ಅದು ಖಿನ್ನತೆ ಅಥವಾ ಆತಂಕ ಇರ್ಬೋದು, ಅದ್ರ ಚಿಕಿತ್ಸೆ ಬೇರೆ. ಸಂಬಂಧ, ಕೆಲಸ ಕೆಡೋವಷ್ಟು ಇದ್ರೆ ಪಿಎಮ್‌ಡಿಡಿ ಅಂತಾರೆ, ಅದಕ್ಕೆ ಒಳ್ಳೆ ಚಿಕಿತ್ಸೆ ಇದೆ, ಕೆಲವರಿಗೆ ಓವ್ಯುಲೇಷನ್ ಆದ್ಮೇಲಿಂದ ಮುಟ್ಟು ಬರೋವರೆಗಿನ ಎರಡು ವಾರ ಮಾತ್ರ ಮಾತ್ರೆ ತಗೊಂಡ್ರೂ ಸಾಕಾಗತ್ತೆ. ಬದುಕೋದೇ ಬೇಡ ಅನ್ನೋ ಯೋಚನೆ ಬಂದ್ರೆ ಮುಟ್ಟು ಬರೋವರೆಗೂ ಕಾಯ್ಬೇಡಿ, ಆವತ್ತೇ ಯಾರಿಗಾದ್ರೂ ಹೇಳಿ, ಡಾಕ್ಟರ್ ಹತ್ರ ಹೋಗಿ.

ಹಂತ 7: ಚಕ್ರ ತಪ್ಪಿದಾಗ ಕಾರಣನ ಸಾಲಾಗಿ ಹುಡುಕಿ

ಮೊದಲು ಪ್ರೆಗ್ನೆನ್ಸಿ ಟೆಸ್ಟ್, ಎಷ್ಟೇ ಖಾತ್ರಿ ಇದ್ರೂ. ನೆಗೆಟಿವ್ ಬಂದು ಒಂದು ವಾರ ಆದ್ರೂ ಮುಟ್ಟು ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಮಾಡಿ.

ಆಮೇಲೆ ಕೇಳ್ಕೊಳ್ಳೋ ಪ್ರಶ್ನೆ ಒಂದೇ, ಅಂಡ ಬಿಡುಗಡೆ ಯಾಕಾಗ್ತಿಲ್ಲ? ಮೆದುಳಿನ ಕಡೆಯಿಂದ ನೋಡಿದ್ರೆ ತಿನ್ನೋದು ಕಮ್ಮಿ, ವ್ಯಾಯಾಮ ಜಾಸ್ತಿ, ತೂಕ ದಿಢೀರ್ ಇಳಿದಿದೆ ಅಂದ್ರೆ "ಈಗ ಮಗು ಹೊರೋಕೆ ಶಕ್ತಿ ಇಲ್ಲ" ಅಂತ ತಾಳ ನಿಂತೋಗತ್ತೆ. ನೋಡೋಕೆ ತೂಕ ಸರಿಯಾಗೇ ಇದ್ರೂ ಹೀಗಾಗ್ಬೋದು, ಓಟಗಾರ್ತಿಯರಲ್ಲಿ, ಡ್ಯಾನ್ಸರ್‌ಗಳಲ್ಲಿ ಇದು ಚೆನ್ನಾಗಿ ಗೊತ್ತಿರೋ ವಿಷಯ. ಇದನ್ನ ಅನುಕೂಲ ಅಂದ್ಕೋಬೇಡಿ, ಈಸ್ಟ್ರೋಜನ್ ಇಲ್ದೆ ಮೂಳೆ ಸವೆಯೋಕೆ ಶುರುವಾಗತ್ತೆ. ಗ್ರಂಥಿಗಳ ಕಡೆ ಥೈರಾಯ್ಡ್ ಇದೆ, ಎದೆಹಾಲು ತಯಾರಾಗೋಕೆ ಹೇಳೋ ಪ್ರೊಲ್ಯಾಕ್ಟಿನ್ ಇದೆ. ಮಗುಗೆ ಹಾಲುಣಿಸದೇ ಇದ್ರೂ ಸ್ತನದಿಂದ ಹಾಲು ಬಂದಂಗೆ ಆದ್ರೆ ಪ್ರೊಲ್ಯಾಕ್ಟಿನ್ ನೋಡ್ಲೇಬೇಕು, ವಾಂತಿಗೆ ಕೊಡೋ ಡೊಂಪೆರಿಡೋನ್, ಕೆಲವು ಮಾನಸಿಕ ಕಾಯಿಲೆ ಮಾತ್ರೆಗಳೂ ಅದನ್ನ ಏರಿಸ್ತವೆ.

ಓವರಿ ಕಡೆ ಅತಿ ಸಾಮಾನ್ಯ ಅಂದ್ರೆ ಪಿಸಿಓಎಸ್, ನಾವು ಪಿಸಿಓಡಿ ಅಂತಾನೇ ಕರೀತೀವಿ. ಹೆಸರಲ್ಲಿ ಸಿಸ್ಟ್ ಅಂತಿದ್ರೂ ಅವು ಗಡ್ಡೆಗಳಲ್ಲ, ಅರ್ಧಕ್ಕೇ ಬೆಳವಣಿಗೆ ನಿಂತ ಪುಟ್ಟ ಫಾಲಿಕಲ್‌ಗಳು. ತುಂಬಾ ಜನರಲ್ಲಿ ಇನ್ಸುಲಿನ್ ಜಾಸ್ತಿ ಇರತ್ತೆ, ಅದು ಓವರಿನ ಹೆಚ್ಚು ಆಂಡ್ರೋಜನ್ (ಗಂಡಸರಲ್ಲಿ ಜಾಸ್ತಿ ಇರೋ ಹಾರ್ಮೋನ್) ಮಾಡೋಕೆ ತಳ್ಳತ್ತೆ, ಲಿವರ್ ಮಾಡೋ ಒಂದು ಪ್ರೋಟೀನನ್ನೂ ಇಳಿಸಿ ಆ ಆಂಡ್ರೋಜನ್ ರಕ್ತದಲ್ಲಿ ಕಟ್ಟಿಲ್ದೆ ಓಡಾಡೋ ಹಾಗೆ ಮಾಡತ್ತೆ, ಅದಕ್ಕೇ ಮೊಡವೆ, ಗಲ್ಲದ ಮೇಲೆ ಕೂದಲು, ನಿಂತೋದ ಓವ್ಯುಲೇಷನ್. ದೊಡ್ಡವರಲ್ಲಿ ಪಿಸಿಓಎಸ್ ಅನ್ಬೇಕು ಅಂದ್ರೆ ಮೂರರಲ್ಲಿ ಎರಡು ಇರ್ಬೇಕು ಅಂತ 2003ರಲ್ಲಿ ರಾಟರ್‌ಡ್ಯಾಮಲ್ಲಿ ಒಪ್ಕೊಂಡ್ರು: ಚಕ್ರ ತಪ್ಪೋದು, ಆಂಡ್ರೋಜನ್ ಹೆಚ್ಚಿರೋದು, ಸ್ಕ್ಯಾನಲ್ಲಿ ಓವರಿ ಆ ಥರ ಕಾಣೋದು. ಅದೂ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಥರದ ಬೇರೆ ಕಾರಣ ಇಲ್ಲ ಅಂತ ನೋಡಿದ್ಮೇಲೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ಸ್ಕ್ಯಾನ್ ಬದಲು, ಪುಟ್ಟ ಫಾಲಿಕಲ್ ಎಷ್ಟಿವೆ ಅನ್ನೋ ಸುಳಿವು ಕೊಡೋ ಎಎಮ್‌ಎಚ್ ಟೆಸ್ಟೂ ನಡೆಯತ್ತೆ ಅಂತ ಸೇರಿಸಿದ್ರು. ಹಾಗಾಗಿ ಚಕ್ರ ಸರಿಯಾಗಿದ್ದು, ಬೇರೆ ಲಕ್ಷಣ ಏನೂ ಇಲ್ದೆ, ಬರೀ ಸ್ಕ್ಯಾನ್ ರಿಪೋರ್ಟ್ ನೋಡಿ ಪಿಸಿಓಡಿ ಅಂದ್ರೆ ಪ್ರಶ್ನೆ ಕೇಳಿ. ಹದಿಹರೆಯದ ಹುಡುಗೀರಲ್ಲಂತೂ ಮೈನೆರೆದು 8 ವರ್ಷ ಆಗೋವರೆಗೂ ಸ್ಕ್ಯಾನ್ ನೋಡಿ ತೀರ್ಮಾನ ಮಾಡ್ಬಾರ್ದು, ಆ ವಯಸ್ಸಲ್ಲಿ ಓವರಿ ಸಹಜವಾಗೇ ಹಾಗೆ ಕಾಣತ್ತೆ.

ಪಿಸಿಓಎಸ್ ಇದ್ದು 3 ತಿಂಗಳಾದ್ರೂ ಮುಟ್ಟು ಬರ್ಲಿಲ್ಲ ಅಂದ್ರೆ ಸುಮ್ನಿರ್ಬೇಡಿ. ಅಂಡ ಬಿಡುಗಡೆ ಇಲ್ಲ ಅಂದ್ರೆ ಪ್ರೊಜೆಸ್ಟರೋನ್ ಇಲ್ಲ, ಈಸ್ಟ್ರೋಜನ್ ಒಂದೇ ಒಳಪದರನ ದಪ್ಪ ಮಾಡ್ತಾ ಹೋಗತ್ತೆ, ವರ್ಷಗಟ್ಲೆ ಹಾಗೇ ಬಿಟ್ರೆ ಅಲ್ಲಿ ಕ್ಯಾನ್ಸರ್ ಅಪಾಯ ಏರತ್ತೆ. ಡಾಕ್ಟರ್ ಕೊಡೋ ಪ್ರೊಜೆಸ್ಟರೋನ್ ಥರದ ಮಾತ್ರೆ ಬರೀ "ಮುಟ್ಟು ತರಿಸೋಕೆ" ಅಲ್ಲ, ಆ ಪದರನ ಕಾಪಾಡೋಕೆ.

ಹಂತ 8: ಸರಿಯಾದ ದಿನ ಟೆಸ್ಟ್ ಮಾಡಿಸಿ

ಇಲ್ಲಿ ನಾನೇ ಏಟು ತಿಂದಿದೀನಿ. ಒಂದ್ಸಲ ಚಕ್ರ ಉದ್ದ ಆಗ್ತಿದ್ದಾಗ 21ನೇ ದಿನ ಪ್ರೊಜೆಸ್ಟರೋನ್ ಟೆಸ್ಟ್ ಬರೆದುಕೊಟ್ರು, ಕಮ್ಮಿ ಬಂತು, ಹಾರ್ಮೋನ್ ಕೊರತೆ ಅಂತ ಹೇಳಿ ಮಾತ್ರೆ ಶುರು ಮಾಡಿದ್ರು. ನಾನು ಮನೆಗೆ ಬಂದು ಎಷ್ಟು ಅತ್ತಿದೀನಿ ಅಂತ ನಂಗೇ ಗೊತ್ತು. ಆಮೇಲೆ ಲೆಕ್ಕ ಹಾಕಿದ್ರೆ ಆ ತಿಂಗಳು 21ನೇ ದಿನಕ್ಕೆ ನನ್ನ ಟೆಂಪರೇಚರ್ ಇನ್ನೂ ಏರೇ ಇರ್ಲಿಲ್ಲ, ಅಂಡ ಬಿಡುಗಡೆನೇ ಆಗಿರ್ಲಿಲ್ಲ, ಪ್ರೊಜೆಸ್ಟರೋನ್ ಎಲ್ಲಿಂದ ಬರ್ಬೇಕು? 21ನೇ ದಿನ ಅನ್ನೋದು 28 ದಿನದ ಚಕ್ರಕ್ಕೆ ಮಾತ್ರ. ಮುಂದಿನ ಮುಟ್ಟಿಗೆ 7 ದಿನ ಮುಂಚೆ ಮಾಡಿಸ್ಬೇಕು, 35 ದಿನದ ಚಕ್ರ ಆದ್ರೆ 28ನೇ ದಿನ. 3 ಎನ್‌ಜಿ ಪರ್ ಎಮ್‌ಎಲ್ ದಾಟಿದ್ರೆ ಅಂಡ ಬಿಡುಗಡೆ ಆಗಿದೆ ಅಂತ ಅರ್ಥ. ಅದಕ್ಕಿಂತ ಹೆಚ್ಚಿನ ಅರ್ಥನ ಒಂದೇ ರಿಪೋರ್ಟಿಂದ ತೆಗೆಯೋದು ಕಷ್ಟ, ಯಾಕಂದ್ರೆ ಅದು ಗಂಟೆ ಗಂಟೆಗೂ ಏರಿಳಿತಾ ಇರತ್ತೆ.

ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಾಡಿಯೋಲ್ (ಈಸ್ಟ್ರೋಜನ್ನಿನ ಮುಖ್ಯ ರೂಪ) ಸಾಮಾನ್ಯವಾಗಿ 2ರಿಂದ 5ನೇ ದಿನದೊಳಗೆ. ಥೈರಾಯ್ಡ್ ನೋಡೋ ಟಿಎಸ್‌ಎಚ್, ಮತ್ತೆ ಎಎಮ್‌ಎಚ್ ಯಾವ ದಿನ ಆದ್ರೂ ಸರಿ. ಪ್ರೊಲ್ಯಾಕ್ಟಿನ್ ಎದ್ದು ಒಂದೆರಡು ಗಂಟೆ ಆದ್ಮೇಲೆ, ಓಡ್ಕೊಂಡು ಬಂದು ತಕ್ಷಣ ಅಲ್ಲ, ಟೆನ್ಷನ್ ಆದ್ರೂ ಅದು ಏರತ್ತೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ರೆ ಮೊದಲೇ ಹೇಳಿ, ಕೆಲವು ಹಾರ್ಮೋನ್ ಟೆಸ್ಟ್‌ಗಳನ್ನ ಅದು ತಪ್ಪು ತೋರಿಸತ್ತೆ. ಗರ್ಭನಿರೋಧಕ ಮಾತ್ರೆ ತಗೊಳ್ತಾ ಇರುವಾಗ ಎಫ್‌ಎಸ್‌ಎಚ್, ಎಲ್‌ಎಚ್, ಪ್ರೊಜೆಸ್ಟರೋನ್ ಮಾಡಿಸೋದು ದುಡ್ಡು ದಂಡ. ಮತ್ತೆ ರಿಪೋರ್ಟ್ ಕೈಗೆ ಬಂದಾಗ ಅದ್ರ ಮೇಲೆ ಪೆನ್ನಲ್ಲಿ ಇದು ಚಕ್ರದ ಎಷ್ಟನೇ ದಿನ ಅಂತ ಬರ್ದಿಡಿ, ಇಲ್ಲಾಂದ್ರೆ ಎರಡು ವರ್ಷ ಬಿಟ್ಟು ಅದು ಬರೀ ಕಾಗದ.

ಹಂತ 9: ದಿನನಿತ್ಯ ಏನು ಮಾಡ್ಬೋದು

"ಹಾರ್ಮೋನ್ ಬ್ಯಾಲೆನ್ಸ್" ಅಂತ ಮಾರೋ ಪುಡಿ, ಡಿಟಾಕ್ಸ್, ಚಕ್ರದ ಒಂದೊಂದು ಅರ್ಧಕ್ಕೆ ಬೇರೆ ಬೇರೆ ಬೀಜ ತಿನ್ನೋ ಪದ್ಧತಿ, ಇವಕ್ಕೆ ಗಟ್ಟಿ ಪುರಾವೆ ಇಲ್ಲ. ಹಾರ್ಮೋನ್ ಇರೋದೇ ಏರಿಳಿಯೋಕೆ, ಒಂದೇ ಮಟ್ಟದಲ್ಲಿ ನಿಂತ್ರೆ ಚಕ್ರನೇ ಇರಲ್ಲ. ಕೆಲಸ ಮಾಡೋದು ಬೇಜಾರಾಗೋವಷ್ಟು ಸಾದಾ ವಿಷಯಗಳು: ಹೊಟ್ಟೆ ತುಂಬಾ ಹೊತ್ತಿಗೆ ಸರಿಯಾಗಿ ಊಟ, ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ನಿದ್ದೆ, ವಾರದಲ್ಲಿ ಒಂದೆರಡು ದಿನ ಆದ್ರೂ ಭಾರ ಎತ್ತೋ ಥರದ ವ್ಯಾಯಾಮ, ಸಿಗರೇಟ್ ಬಿಡೋದು. ಪಿಸಿಓಎಸ್ ಇದ್ದು ತೂಕ ಹೆಚ್ಚಿರೋರಲ್ಲಿ 5ರಿಂದ 10% ಇಳಿದ್ರೂ ಎಷ್ಟೋ ಜನಕ್ಕೆ ಅಂಡ ಬಿಡುಗಡೆ ಮತ್ತೆ ಶುರುವಾಗತ್ತೆ, ಆದ್ರೆ ಉಪವಾಸ ಕೂತು ಇಳಿಸಿದ್ರೆ ಹಂತ 7ರಲ್ಲಿ ಹೇಳಿದಂಗೆ ಮೆದುಳಿನ ತಾಳನೇ ನಿಲ್ಬೋದು. ಸಣ್ಣಗಿದ್ದೂ ಪಿಸಿಓಎಸ್ ಇರೋರಿದ್ದಾರೆ, ಅವರಿಗೆ "ತೂಕ ಇಳಿಸು" ಅನ್ನೋದು ಉತ್ತರ ಅಲ್ಲ.

ಹಂತ 10: ಯಾವಾಗ ಡಾಕ್ಟರ್, ಏನು ತಗೊಂಡ್ ಹೋಗ್ಬೇಕು

15 ವರ್ಷ ಆದ್ರೂ ಮೊದಲ ಮುಟ್ಟು ಬಂದಿಲ್ಲ, 13 ಆದ್ರೂ ಸ್ತನ ಬೆಳವಣಿಗೆ ಶುರುವಾಗಿಲ್ಲ, ರೆಗ್ಯುಲರ್ ಇದ್ದವರಿಗೆ 3 ತಿಂಗಳು ನಿಂತೋಗಿದೆ, ಸೇರಿದ್ಮೇಲೆ ಬ್ಲೀಡಿಂಗ್, ಎರಡು ಮುಟ್ಟಿನ ಮಧ್ಯೆ ಪದೇ ಪದೇ ಬ್ಲೀಡಿಂಗ್, ಇವುಗಳಲ್ಲಿ ಯಾವುದಿದ್ರೂ ತೋರಿಸ್ಕೊಳ್ಳಿ. ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಇದ್ದು ಒಂದೇ ಕಡೆ ಹೊಟ್ಟೆ ಚುಚ್ಚಿದಂಗೆ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಇದ್ರೆ, ಅಥವಾ ಎರಡು ಗಂಟೆಗಿಂತ ಹೆಚ್ಚು ಹೊತ್ತು ಗಂಟೆಗೊಂದು ಪ್ಯಾಡ್ ತೋಯ್ತಿದ್ರೆ ಎಮರ್ಜೆನ್ಸಿಗೇ ಹೋಗಿ, ಬೆಳಗಾಗ್ಲಿ ಅಂತ ಕೂರ್ಬೇಡಿ.

40 ದಾಟಿದ್ಮೇಲೆ ಚಕ್ರ ಮೊದಲು ಹತ್ತಿರ ಹತ್ತಿರ ಬರೋದು, ಆಮೇಲೆ ದೂರ ಆಗೋದು, ರಾತ್ರಿ ಬೆವರು, ನಿದ್ದೆ ಹಾಳಾಗೋದು ಸಾಮಾನ್ಯ. ಈ ವಯಸ್ಸಲ್ಲಿ ಕೆಲವು ತಿಂಗಳು ಅಂಡ ಬಿಡುಗಡೆ ಆಗತ್ತೆ, ಕೆಲವು ತಿಂಗಳು ಆಗಲ್ಲ, ಆಗದ ತಿಂಗಳಲ್ಲಿ ಪ್ರೊಜೆಸ್ಟರೋನ್ ಇಲ್ದೆ ಬ್ಲೀಡಿಂಗ್ ವಿಪರೀತ ಆಗ್ಬೋದು. ಆದ್ರೆ ವಯಸ್ಸಿನದ್ದು ಅಂತ ಬಿಡ್ದೆ ಹೆವಿ ಆದ್ರೆ ತೋರಿಸಿ. 12 ತಿಂಗಳು ಪೂರ್ತಿ ಬರ್ಲಿಲ್ಲ ಅಂದ್ರೆ ಮುಟ್ಟು ನಿಂತಿದೆ ಅಂತ ಲೆಕ್ಕ, ಹೆಚ್ಚಿನವರಿಗೆ 45ರಿಂದ 55ರ ಮಧ್ಯೆ. ಅದಾದ್ಮೇಲೆ ಒಂದು ಚುಕ್ಕೆ ರಕ್ತ ಕಂಡ್ರೂ ಪರೀಕ್ಷೆ ಆಗ್ಲೇಬೇಕು. 40ಕ್ಕೂ ಮುಂಚೆ ನಿಂತೋದ್ರೆ ಅದು ಬೇರೆ ಸಮಸ್ಯೆ, ಮೂಳೆ, ಹೃದಯ ಎರಡಕ್ಕೂ ಚಿಕಿತ್ಸೆ ಬೇಕಾಗತ್ತೆ.

ಹೋಗುವಾಗ ಒಂದು ಹಾಳೆ ಸಾಕು. ಕಳೆದ ಆರು ಚಕ್ರಗಳ ದಿನ 1ರ ತಾರೀಖುಗಳು, ಎಷ್ಟು ದಿನ ಬ್ಲೀಡಿಂಗ್, ಅತಿ ಜಾಸ್ತಿ ಇರೋ ದಿನ ಎಷ್ಟು ಪ್ಯಾಡ್, ನೋವು ಹತ್ತಕ್ಕೆ ಎಷ್ಟು, ಯಾವ ಮಾತ್ರೆಗೆ ಇಳಿಯತ್ತೆ, ಈಗ ತಗೊಳ್ತಿರೋ ಎಲ್ಲಾ ಮಾತ್ರೆ, ಅಮ್ಮ ಅಕ್ಕಂದಿರಿಗೆ ಏನಾದ್ರೂ ಇತ್ತಾ ಅಂತ. "ಈಗೀಗ ಇರ್ರೆಗ್ಯುಲರ್ ಡಾಕ್ಟ್ರೇ" ಅಂತ ಹೇಳಿದಾಗ ನಂಗೆ ಎರಡು ನಿಮಿಷದಲ್ಲಿ ಚೀಟಿ ಬರೆದುಕೊಟ್ಟು ಕಳಿಸ್ತಿದ್ರು. ಆ ಹಾಳೆ ಮತ್ತೆ ಟೆಂಪರೇಚರ್ ನೋಟ್‌ಬುಕ್ ಟೇಬಲ್ ಮೇಲೆ ಇಟ್ಟ ದಿನ ಡಾಕ್ಟರ್ ಕನ್ನಡಕ ಹಾಕ್ಕೊಂಡು, ಬೆರಳಿಟ್ಟು ಒಂದೊಂದೇ ಸಾಲು ನೋಡಿ, "ಇಲ್ಲಿ ಆಗಿದೆ ನೋಡಿ, ಇಲ್ಲೂ ಆಗಿದೆ, ಈ ತಿಂಗಳು ಮಾತ್ರ ತಡ ಆಗಿದೆ" ಅಂದ್ರು, ಹಿಂದೆ ಶುರು ಮಾಡಿದ್ದ ಮಾತ್ರೆ ನಿಲ್ಸಿ ಟಿಎಸ್‌ಎಚ್ ಒಂದೇ ಬರೆದುಕೊಟ್ರು.